ಕೇಳದೆ ಬಂದ ಮಾತು

“ನೀನು ಕೇಳಬೇಡ. ನಾನೂ ಕೇಳೋ ಹಾಗಿಲ್ಲ,” ಎಂದರು ರಬ್ಬಿ ಯೆಫೆತ್.

ಏಡನ್ನಿನ ಯಹೂದಿಗಳಿಗೆ ಅವರೇ ನ್ಯಾಯಾಧೀಶರು. ಎದುರಿಗೆ ನಿಂತಿದ್ದವಳು ತುರ್ಫಾ. ಅವಳ ಗಂಡ ಖಲಫ್ ಮೆಣಸು ತರಲು ಮಲಬಾರಿನ ಹಡಗು ಹತ್ತಿ ಒಂಬತ್ತು ವರ್ಷವಾಗಿತ್ತು. ಸತ್ತನೆಂದು ಸಾಕ್ಷಿ ಸಿಗುವವರೆಗೆ ಅವಳಿಗೆ ಮರುಮದುವೆಯಿಲ್ಲ, ಶೋಕವೂ ಇಲ್ಲ. ಅದೇ ಹಡಗಿನಲ್ಲಿದ್ದ ಬಖೀತ್ ಎಂಬ ಮುಸ್ಲಿಂ ನಾವಿಕ ದೇಶಾಂತರ ಸುತ್ತಿ ಈಗ ಊರಿಗೆ ಮರಳಿದ್ದ.

“ಅವನು ಕಣ್ಣೆದುರಿಗೇ ಇದಾನೆ ಗುರುಗಳೇ. ಒಂದು ಮಾತು ಕೇಳಿದ್ರೆ ಏನಾಗತ್ತೆ?”

“ನಮ್ಮ ಮತದವನಲ್ಲದೋನು ತಾನಾಗಿ ಆಡಿದ್ರೆ ಸಾಕ್ಷಿ. ಕೇಳಿ ಆಡಿಸಿದ್ರೆ ಬರೀ ಗಾಳಿಮಾತು. ಹಿರಿಯರು ಹಾಗೆ ಕಟ್ಟಳೆ ಮಾಡಿಟ್ಟಿದಾರಮ್ಮ. ಕೇಳಿಬಿಟ್ಟೆ ಅಂದ್ರೆ ನಿನ್ನ ಬಾಗಿಲು ನೀನೇ ಮುಚ್ಚಿಕೊಂಡ ಹಾಗೆ.”

ಮರುದಿನದಿಂದ ರಬ್ಬಿ ಕಡಲ ದಂಡೆಯಲ್ಲಿ ಬಖೀತನ ಪಕ್ಕ ಹೋಗಿ ಕೂರತೊಡಗಿದರು. ಅವನು ಹಾಯಿ ಹೊಲಿಯುತ್ತಿದ್ದ. ಬಿಸಿಲಿಗೆ ನೀರೂ ಆಕಾಶವೂ ಒಂದೇ ಬಿಳುಪಾಗಿ ಕರಗಿ, ಲಂಗರು ಹಾಕಿದ ಹಡಗುಗಳು ಗಾಳಿಯಲ್ಲೇ ತೇಲುವಂತೆ ಕಾಣುತ್ತಿದ್ದವು. ಬಖೀತ್ ಮೀನಿನ ಬಗ್ಗೆ, ತನ್ನ ಎರಡನೇ ಹೆಂಡತಿಯ ಬಾಯಿಯ ಬಗ್ಗೆ ಹೇಳಿದ. ರಬ್ಬಿ ಹೂಂಗುಟ್ಟಿದರು. ಐವತ್ತು ವರ್ಷ ಪ್ರಶ್ನೆ ಕೇಳಿಯೇ ಬದುಕಿದ್ದ ನಾಲಗೆ ಹಲ್ಲಿನ ಹಿಂದೆ ತಡಕಾಡುತ್ತಿತ್ತು. ಒಮ್ಮೊಮ್ಮೆ ತೂಕಡಿಕೆ ಬಂದು, ಯಾವ್ಯಾವುದೋ ಕಾಲದ ಪಂಡಿತರು, ಬಿಳಿಗಡ್ಡದ ಮುದುಕರು, ಮರಳಿನ ಮೇಲೆ ಸಾಲಾಗಿ ಕೂತು ತಮ್ಮೊಂದಿಗೆ ಬಾಯಿ ಮುಚ್ಚಿ ಕಾಯುತ್ತಿದ್ದಾರೆ ಎನಿಸುತ್ತಿತ್ತು.

“ಏನಜ್ಜಾ, ನಿಮ್ಮನೇಲಿ ನೆರಳಿಲ್ವಾ?” ಬಖೀತ್ ನಕ್ಕ.

“ನೆರಳಿದೆಯಪ್ಪಾ. ಗಾಳಿ ಇಲ್ಲ.”

ಹನ್ನೊಂದನೆಯ ದಿನ ಸೂಜಿ ಬೆರಳಿಗೆ ಚುಚ್ಚಿತು. ಬಖೀತ್ ರಕ್ತ ಚೀಪುತ್ತ, “ಹೊಲಿಯೋ ಕೈ ಅಂದ್ರೆ ನಿಮ್ಮ ಖಲಫನದ್ದು, ತುರ್ಫಾಳ ಗಂಡಂದು. ಪಾಪ, ಹಡಗೊಡೆದ ಮಾರನೇ ಬೆಳಿಗ್ಗೆ ದಡಕ್ಕೆ ಬಂತು ಹೆಣ. ಮುಖ ಹಾಗೇ ಇತ್ತು, ಮಲಗಿರೋನ ಥರ. ನಾನೇ ಹೂತೆ,” ಎಂದ.

ಒಂದು ಅಲೆ ಬಂದು ಹೋಯಿತು.

ಸಂಜೆ ತುರ್ಫಾಳ ಹೊಸ್ತಿಲಲ್ಲಿ ನಿಂತು ಅವರು ಆ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸಿದರು. “ಇನ್ನು ನಿನಗೆ ಬಿಡುಗಡೆ, ಮಗಳೇ.”

“ಈಗ ಅಳಬಹುದಾ ಗುರುಗಳೇ?”

“ಅಳಮ್ಮ. ಅದಕ್ಕೆ ಗ್ರಂಥ ನೋಡಬೇಕಾಗಿಲ್ಲ.”

ಅವರ ಪದ್ಧತಿಯಂತೆ ಸತ್ತವರಿಗಾಗಿ ತೊಟ್ಟ ಉಡುಪಿನ ಕೊರಳು ಹರಿಯಬೇಕು. ಗಟ್ಟಿ ನೇಯ್ಗೆ, ಅವಳ ಬೆರಳಿಗೆ ಜಗ್ಗಲಿಲ್ಲ. ರಬ್ಬಿ ಲೇಖನಿ ಕೆತ್ತುವ ಪುಟ್ಟ ಚಾಕುವನ್ನು ಹೊಸ್ತಿಲ ಮೇಲಿಟ್ಟು, ಬೀದಿಯ ಕಡೆಗೆ ಮುಖ ತಿರುಗಿಸಿ ನಿಂತರು. ಬೆನ್ನ ಹಿಂದೆ ಬಟ್ಟೆ ನಿಧಾನವಾಗಿ, ಎಳೆ ಎಳೆಯಾಗಿ ಹರಿಯುತ್ತಾ ಹೋಯಿತು.