ಕೆನೆಯಷ್ಟು ಸಿಹಿನೀರು

ಬುಷ್ರಾಳ ಆನ್‌ಲೈನ್ ಸಂದರ್ಶನ ಮೂರು ಗಂಟೆಗೆ. ರಶ್ಮಿತಾ ಎರಡಕ್ಕೇ ಹರಿಹರದಲ್ಲಿ ಬಸ್ಸಿಳಿದು ಅವಳ ಮನೆ ಸೇರಿದ್ದಳು. ಬರಬಾರದಿತ್ತು ಎಂದು ದಾವಣಗೆರೆಯಿಂದ ದಾರಿಯುದ್ದಕ್ಕೂ ಅಂದುಕೊಂಡೇ ಬಂದಿದ್ದಳು.

ಇಬ್ಬರೂ ಭೂವಿಜ್ಞಾನ ಓದಿದವರು. ಎರಡು ವರ್ಷ ಒಂದೇ ಬೆಂಚು, ಒಂದೇ ಬುತ್ತಿ. ಲಕ್ಷದ್ವೀಪದ ಕಡೆಯ ಪುಟ್ಟ ದ್ವೀಪವೊಂದರಲ್ಲಿ ಕುಡಿಯುವ ನೀರು ಉಳಿಸುವ ಕೆಲಸಕ್ಕೆ ಒಟ್ಟಿಗೇ ಅರ್ಜಿ ಹಾಕಿದ್ದರು. ಸಮುದ್ರ ಏರುತ್ತ, ಅಲೆ ಒಳನುಗ್ಗುತ್ತ, ಅಲ್ಲಿನ ಬಾವಿಗಳು ಒಂದೊಂದಾಗಿ ಉಪ್ಪಾಗುತ್ತಿದ್ದವು. ಅದನ್ನೇ ಓದಿ ಓದಿ ರಶ್ಮಿತಾ ಎರಡು ನೋಟ್‌ಬುಕ್ ತುಂಬಿಸಿದ್ದಳು. ಆದರೆ ಫೋನಿನಲ್ಲಿ ನಡೆದ ಮೊದಲ ಸುತ್ತಿನಲ್ಲಿ ಮೊದಲ ಪ್ರಶ್ನೆಗೇ ತಡವರಿಸಿ ಹೊರಬಿದ್ದಿದ್ದಳು. ಬುಷ್ರಾ ಆ ಸುತ್ತನ್ನು ನಗುನಗುತ್ತ ದಾಟಿಬಿಟ್ಟಿದ್ದಳು.

"ನೀ ಒಂದ್ಸಲ ನೋಡಿಬಿಡೇ, ಧೈರ್ಯ ಬರ್ತೈತೆ," ಎಂದು ಬುಷ್ರಾ, ಸಂದರ್ಶನದಲ್ಲಿ ತೋರಿಸಲು ಬರೆದಿಟ್ಟ ಯೋಜನೆ ತೆರೆದು ಲ್ಯಾಪ್‌ಟಾಪ್ ತಿರುಗಿಸಿದಳು.

ನಾಲ್ಕನೆಯ ಪುಟದಲ್ಲಿ ರಶ್ಮಿತಾಳ ಕಣ್ಣು ನಿಂತಿತು. 'ಬಾವಿ ಉಪ್ಪಾದರೆ ಇನ್ನೂ ಇನ್ನೂರು ಅಡಿ ಆಳಕ್ಕೆ ಬೋರ್ ಕೊರೆಯುವುದು.' ಬೋರ್ ಲಾರಿ ಇಟ್ಟುಕೊಂಡ ನಬೀ ಸಾಬರ ಮಗಳಲ್ಲವೇ! ಮಾಯಕೊಂಡದ ಹೊಲದಲ್ಲಿ ನಡೆದೀತು ಅದು. ದ್ವೀಪದಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೆಳ್ಳಗೆ ತೇಲುತ್ತದೆ, ಆಳಕ್ಕಿಳಿದಷ್ಟೂ ಉಪ್ಪೇ.

ಈ ಒಂದು ಸಾಲು ಸಾಕು, ಬುಷ್ರಾಳ ಕೈಯಿಂದ ಆ ಕೆಲಸ ತಪ್ಪಿಸಲು.

"ಹೆಂಗೈತೆ?"

"ಚೆನ್ನಾಗೈತೆ," ಎಂದಳು ರಶ್ಮಿತಾ. ಹೊಟ್ಟೆಯೊಳಗಿನ ಕೆಂಡಕ್ಕೆ ಯಾರೋ ತಣ್ಣಗೆ ನೀರು ಚಿಮುಕಿಸಿದಂತಾಯಿತು.

ಅಷ್ಟರಲ್ಲಿ ಬುಷ್ರಾಳ ತಾಯಿ ರಹಮತ್ ಬೀ ಹಾಲಿನ ಪಾತ್ರೆ, ಎರಡು ಲೋಟ ಹಿಡಿದು ಬಂದರು. ಚಮಚವನ್ನು ಅಡ್ಡಡ್ಡ ಆಡಿಸಿ, ಮೇಲಿನ ಕೆನೆಯನ್ನಷ್ಟೇ ನಾಜೂಕಾಗಿ ಎತ್ತಿ ರಶ್ಮಿತಾಳ ಲೋಟಕ್ಕೆ ಹಾಕಿದರು.

"ಅಮ್ಮೀ! ಇಂಟರ್‌ವ್ಯೂ ನಂದು, ಕೆನೆ ಅವಳಿಗಾ?"

"ಸುಮ್ಕಿರೇ. ಆ ಹುಡುಗಿ ಬಾಯಿಬಿಟ್ಟು ಏನಾದ್ರೂ ಕೇಳ್ತಾಳಾ? ನಾವೇ ನೋಡಿ ಕೊಡ್ಬೇಕು. ಕುಡಿಯವ್ವ."

ರಶ್ಮಿತಾ ಲೋಟ ಎತ್ತಿದಳು. ಮೇಲೆ ತೇಲುತ್ತಿದ್ದ ಕೆನೆ ತುಟಿಗೆ ಹತ್ತಿತು. ಗೋಡೆಯ ಗಡಿಯಾರದಲ್ಲಿ ಎರಡೂ ನಲವತ್ತು.

"ನಾಲ್ಕನೇ ಪುಟ ತಪ್ಪೈತೆ," ಎಂದಳು, ಲೋಟವನ್ನೇ ನೋಡುತ್ತ. "ಅಲ್ಲಿ ಸಿಹಿನೀರು ಅಂದ್ರೆ ಈ ಕೆನೆ ಇದ್ದಂಗೆ. ಚಮಚ ಆಳಕ್ಕೆ ಅದ್ದಿದ್ರೆ ಕೆನೆ ಹೋಯ್ತು. ಬೋರ್ ಬ್ಯಾಡ. ಮೇಲ್ಮೇಲೆ, ನಾಕಾರು ಕಡೆ, ಸ್ವಲ್ಪಸ್ವಲ್ಪ ಎತ್ತಬೇಕು. ಮಳೆನೀರು ಮಾಳಿಗೆ ಮೇಲೇ ಹಿಡೀಬೇಕು."

ಬುಷ್ರಾಳ ಮುಖ ಬಿಳಿಚಿತು. ಆಮೇಲೆ ಕೆಂಪಾಯಿತು.

"ಈಗ್ತಾನೆ ಚೆನ್ನಾಗೈತೆ ಅಂದ್ಯಲ್ಲೇ?"

"ಆಗ ಹೊಟ್ಟೆಕಿಚ್ಚು."

"ಈಗ?"

"ಈಗ್ಲೂ ಐತೆ. ಮೊದ್ಲು ಅದನ್ನ ಅಳಿಸು, ಟೈಮಿಲ್ಲ."

ಬುಷ್ರಾ ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡಳು. ಆ ಸಾಲು ಅಳಿಸಿ ಟೈಪ್ ಮಾಡತೊಡಗಿದಳು.

ಮೂರಕ್ಕೆ ಬುಷ್ರಾಳ ಕೋಣೆಯ ಬಾಗಿಲು ಮುಚ್ಚಿತು. ರಶ್ಮಿತಾ ಅಡುಗೆಮನೆಯಲ್ಲಿ ರಹಮತ್ ಬೀ ಪಕ್ಕ ಕುಳಿತಳು. ಸ್ವಲ್ಪ ಹೊತ್ತಿಗೆ ಒಳಗಿಂದ ಬುಷ್ರಾಳ ಇಂಗ್ಲಿಷ್ ಕೇಳಿಸಿತು: ಹಾಲು, ಕೆನೆ, ಚಮಚ. ಆ ಕಡೆಯವರು ಯಾರೋ ಮೆಚ್ಚಿ ನಕ್ಕರು.

ಕೆಂಡ ಮತ್ತೆ ಭಗ್ಗೆಂದಿತು.

"ಏನಂತಾಳವ್ವ?" ಎಂದರು ರಹಮತ್ ಬೀ.

"ನನ್ನ ಮಾತು ಹೇಳ್ತಿದಾಳೆ, ಆಂಟಿ."

"ಹೇಳ್ಲಿ ಬಿಡು. ಇನ್ನೊಂದು ಲೋಟ ಕೊಡ್ಲಾ?"

ರಶ್ಮಿತಾ ಮೂಗು ಒರೆಸಿಕೊಂಡು ಪಾತ್ರೆಯೊಳಗೆ ಇಣುಕಿದಳು.

"ಕೆನೆ ಉಳಿದೈತಾ?" ಎಂದು, ಆ ಮನೆಯಲ್ಲಿ ಮೊದಲ ಬಾರಿಗೆ, ಬಾಯಿಬಿಟ್ಟು ಕೇಳಿದಳು.