ನಾಲ್ಕನೆಯ ‘ಆಯ್ತು’

“ಎಲ್ಲ ಆಯ್ತಲ್ಲ, ಇನ್ನು ಬಿಡಪ್ಪ ಗಾಡೀನ” ಎಂದು ದೊಡ್ಡಪ್ಪ ವ್ಯಾನಿನ ಬಾಗಿಲು ತಟ್ಟಿದ್ದೇ ತಡ, ಮೆಕ್ಯಾನಿಕನ ಹೆಂಡತಿ ಓಡಿಬಂದು ಚಕ್ರದ ಮುಂದೆ ನಿಂತಳು.

“ನಿಲ್ಸೋ! ಎಂಜಿನ್ ಆಫ್ ಮಾಡು!”

ಸ್ಟೇರಿಂಗ್ ಹಿಡಿದಿದ್ದವನು ಅವಳ ತಮ್ಮ. ಹಿಂದೆ ಬಿಳಿ ಬಟ್ಟೆ ಹೊದ್ದು ಮಲಗಿದ್ದವನು ಗಂಡ. ವ್ಯಾನೂ ಅವನದೇ. ಅವನ ತಲೆಯ ಬಳಿ ಮಕ್ಕಳಿಬ್ಬರೂ ಕುಳಿತಿದ್ದರು. ಸ್ಮಶಾನದ ದಾರಿಯೋ ಕಡಿದಾದ ಇಳಿಜಾರು, ತಿರುವಿನ ಪಕ್ಕದಲ್ಲೇ ಕಲ್ಲುಗಣಿಯ ಹೊಂಡ.

“ಏನಕ್ಕ ಇದು?”

“ನಾಲ್ಕನೇ ನಟ್ಟು ಬಿಗಿ ಆಗಿಲ್ಲ.”

“ನಾನೇ ನೋಡಿದೀನಿ. ಕೂತಿದೆ.”

“ಕೂತಿರೋದು ಬೇರೆ, ಬಿಗಿಯಾಗಿರೋದು ಬೇರೆ. ಅವರು ‘ಆಯ್ತು’ ಅಂದಿಲ್ಲ ಕಣೋ.”

ಪಾಪ, ತಲೆ ಕೆಟ್ಟಿದೆ ಎಂದು ಯಾರೋ ಪಿಸುಗುಟ್ಟಿದರು. “ಅಲ್ಲಿ ಕಾಯ್ತಿದ್ದಾರೆ ತಾಯಿ, ಹಟ ಮಾಡೋ ಹೊತ್ತಾ ಇದು?” ಎಂದ ದೊಡ್ಡಪ್ಪನ ದನಿ ಬಿರುಸಾಗತೊಡಗಿತ್ತು. ಅವಳು ಕದಲಲಿಲ್ಲ.

*

ಊರವರ ಗಾಡಿಗಳನ್ನೆಲ್ಲ ಸರಿಮಾಡುವವನ ಸ್ವಂತ ವ್ಯಾನು ವರ್ಷಗಟ್ಟಲೆ ಕಿರುಗುಟ್ಟುತ್ತಿತ್ತು. ದೀಪದ ಬುಡ ಕತ್ತಲೆ ಎಂದು ಅವಳು ಛೇಡಿಸಿ ಛೇಡಿಸಿ, ಕೊನೆಗೂ ಎಂಜಿನ್ ಇಳಿಸಿದ. “ಹೊಟ್ಟೆ ಬಿಚ್ಚಿದಾಗಲೇ ಕರುಳೂ ನೋಡ್ಬಿಡ್ಬೇಕು ಕಣೇ. ಎಂಜಿನ್ ಕೂತ್ಮೇಲೆ ಅಲ್ಲಿಗೆ ಕೈ ಹೋಗಲ್ಲ” ಎಂದು ಸಸ್ಪೆನ್ಷನ್ನಿಗೆ ಹೊಸ ರಬ್ಬರ್ ಬುಶ್, ಸ್ಟೇರಿಂಗಿಗೆ ಹೊಸ ಕೊಂಡಿಗಳನ್ನು ತಂದ.

ನಟ್ಟುಗಳನ್ನು ಮೊದಲು ಬೆರಳಲ್ಲೇ ಕೂರಿಸಿಟ್ಟು, ಆಮೇಲೆ ಒಂದೊಂದನ್ನೇ ಸ್ಪ್ಯಾನರಿನಿಂದ ಬಿಗಿಯುವುದು ಅವನ ಕ್ರಮ. ಬಿಗಿಯಾದೊಡನೆ ಗಾಡಿಯಡಿಯಿಂದಲೇ “ಆಯ್ತು” ಎನ್ನುವನು. ಗೋಡೆಯಾಚೆಯ ಅಡುಗೆಮನೆಯಿಂದ ಅವಳು “ಹೂಂ” ಎನ್ನುವಳು. ಯಾಕೆಂದು ಇಬ್ಬರೂ ಎಂದೂ ಕೇಳಿಕೊಂಡವರಲ್ಲ.

ಮೊನ್ನೆ ಸ್ಟೇರಿಂಗ್ ಕೊಂಡಿಗಳ ನಾಲ್ಕು ನಟ್ಟು ಬಿಗಿಯುವಾಗ ಅವಳು ಮೂರು ಸಲ ಹೂಂ ಎಂದಳು. ನಾಲ್ಕನೆಯದಕ್ಕೆ ಕಾದಳು. ಒಲೆ ಆರಿಸಿ, ಹೋಗಿ ನೋಡಿದಳು.

ಭಾವ ತನ್ನ ಗಾಡಿಯಲ್ಲೇ ಹೋಗಲಿ ಎಂದು, ಅವನ ಬಳಿಯೇ ಕೆಲಸ ಕಲಿತಿದ್ದ ತಮ್ಮ ಅಳುತ್ತಲೇ ಎಂಜಿನ್ ಕೂರಿಸಿದ್ದ.

*

ತಮ್ಮ ಕೊನೆಗೂ ಇಳಿದುಬಂದು, ಅಡಿಯಲ್ಲಿ ತೂರಿ ತಡಕಾಡಿದ. ಅವನ ದಪ್ಪ ಕೈ ಎಂಜಿನ್ನಿನ ಮಗ್ಗುಲಲ್ಲೇ ಸಿಕ್ಕಿಕೊಂಡಿತು.

“ಸರಿ ಆ ಕಡೆ” ಎಂದು ಅವಳೇ ರಟ್ಟು ಹಾಸಿಕೊಂಡು ಮಲಗಿ ಕೈ ತೂರಿಸಿದಳು. ಮೊಣಕೈ ತರಚಿತು. ಬೆರಳಿಗೆ ನಟ್ಟು ಸಿಕ್ಕಿತು; ಉಪ್ಪಿನ ಡಬ್ಬಿಯ ಮುಚ್ಚಳದಂತೆ ಸಲೀಸಾಗಿ ತಿರುಗಿತು.

ತಮ್ಮ ಟಾರ್ಚನ್ನು ಅವಳ ಬೆರಳಿನತ್ತ ತಿರುಗಿಸಿ ನೋಡಿದ. “ಅಕ್ಕಾ... ಮಕ್ಕಳೂ ಒಳಗೇ ಇದ್ರಲ್ಲ...”

“ಮಾತು ಬೇಡ. ಹದಿನೇಳು ಕೊಡು.”

ಹದಿನೇಳರ ಸ್ಪ್ಯಾನರನ್ನು ಅವನು ಅವಳ ಕೈಗಿಟ್ಟ. ಅವಳು ಹಲ್ಲು ಕಚ್ಚಿ ತಿರುಗಿಸಿದಳು, ಮತ್ತೆ ತಿರುಗಿಸಿದಳು. ಹೊರಗೆ ಸುತ್ತ ನಿಂತ ಚಪ್ಪಲಿ, ಬೂಟುಗಳೆಲ್ಲ ಅಲುಗದೆ ನಿಂತಿದ್ದವು. ಸ್ಪ್ಯಾನರು ಇನ್ನು ಒಂದು ಕೂದಲೆಳೆಯಷ್ಟೂ ಹೋಗದಾಯಿತು.

“ಆಯ್ತು” ಎಂದಳು.

ತಮ್ಮ ಸ್ಪ್ಯಾನರಿಗೆ ಕೈಚಾಚಿದ. ಅವಳು ಕೊಡಲಿಲ್ಲ. ಗ್ರೀಸ್ ಮೆತ್ತಿದ ಇನ್ನೊಂದು ಅಂಗೈಯನ್ನು ಹಿಂದಕ್ಕೆ ಚಾಚಿ, ಗಂಡ ಮಲಗಿದ್ದ ಕಡೆಯ ತಗಡಿಗೆ ಆನಿಸಿ, ಹೂಂ ಎಂಬ ಮಾತಿಗೆ ಕಾಯುತ್ತ ಮಲಗೇ ಇದ್ದಳು.