ಗೇಟಿನಿಂದ ಮೆಟ್ಟಿಲ ತನಕ

"ಸಿಗರೇಟು ಬಿಟ್ಬಿಟ್ಯಂತೆ! ಪೆಟ್ರೋಲ್ ಬಂಕಿನೋಳಿಗೆ ಗೊತ್ತು, ಪೋಸ್ಟಿನೋನಿಗೆ ಗೊತ್ತು, ನಂಗೆ ಮಾತ್ರ ಗೊತ್ತಿಲ್ಲ. ನಾನೇನು ಆಗ್ಲೇ ಸತ್ತು ಹೋದ್ನಾ?"

ರಿಪೇಕಾ ಇನ್ನೂ ಮೆಟ್ಟಿಲು ಹತ್ತಿರಲಿಲ್ಲ. ಕೈಯಲ್ಲಿ ಬಟ್ಟೆ ಸುತ್ತಿದ ಹಂದಿಮೂಳೆ ಸಾರಿನ ಪಾತ್ರೆ ಬಿಸಿಬಿಸಿ ಸುಡುತ್ತಿತ್ತು. ಜಗಲಿಯ ಹಳೇ ಸೋಫಾದ ಮೇಲೆ ಮಕರೇಟಾ ಕಾಲು ಚಾಚಿ ಕೂತಿದ್ದಳು. ಮೂಗಿಗೆ ಸಿಕ್ಕಿಸಿದ ತೆಳ್ಳನೆಯ ಕೊಳವೆ ಸೋಫಾದ ಕೈ ದಾಟಿ, ಕಿಟಕಿ ದಾಟಿ ಒಳಗೆ ಹೋಗಿತ್ತು. ಒಳಗಿನ ಕತ್ತಲೆಯಲ್ಲಿ ಆಕ್ಸಿಜನ್ ಯಂತ್ರ ಗೊರಗೊರ ಅನ್ನುತ್ತಿತ್ತು.

"ಯಾರು ಹೇಳಿದ್ದು?"

"ಯಾರಾದ್ರೂ ಹೇಳ್ಲಿ. ಬಾ ಇಲ್ಲಿ, ಮೂಗು ಕೊಡು."

ರಿಪೇಕಾ ಪಾತ್ರೆ ಕೆಳಗಿಟ್ಟು ಬಗ್ಗಿದಳು. ಹಣೆಗೆ ಹಣೆ, ಮೂಗಿಗೆ ಮೂಗು ಒತ್ತಿದರು, ಬುದ್ಧಿ ಬಂದಾಗಿನಿಂದ ಎದುರಾದಾಗೆಲ್ಲ ಒತ್ತಿದ ಹಾಗೆ. ಬೇರೆ ದಿನವಾದರೆ ಒಂದು ಉಸಿರಿನಷ್ಟು ಹೊತ್ತು. ಇವತ್ತು ಮಕರೇಟಾ ಬಿಡಲೇ ಇಲ್ಲ. ರಿಪೇಕಾಳ ಕತ್ತು ಹಿಡಿದುಕೊಂಡು, ಕಸದ ಡಬ್ಬಿ ಸಿಕ್ಕಿದ ನಾಯಿಯ ಹಾಗೆ ಮೂಸಿದಳು.

"ಹಣ್ಣು!" ಎಂದಳು. "ಥೂ ನಿನ್ನ. ಪಾದ್ರಿ ಹೆಂಡ್ತಿ ಥರ ವಾಸನೆ ಬರ್ತಿದೀಯ."

"ಫೀಜೋವಾ ಕಣೇ. ನಿಮ್ಮ ಹಿತ್ತಲಲ್ಲಿ ಬಿಡತ್ತಲ್ಲ, ಅದೇ."

"ನನ್ನ ಹಿತ್ತಲಿನ ಹಣ್ಣನ್ನ ಬೆಂಕಿಗೆ ಹಾಕಿ ಸೇದ್ತೀಯ? ನಾಚಿಕೆ ಇಲ್ವಾ?"

ರಿಪೇಕಾ ನಕ್ಕಳು. ಮಕರೇಟಾ ನಗಲಿಲ್ಲ. ಅವಳಿಗೆ ನಿಜಕ್ಕೂ ನೋವಾಗಿದೆ ಅಂತ ಆಗ ರಿಪೇಕಾಳಿಗೆ ಗೊತ್ತಾಯಿತು.

ಇಬ್ಬರೂ ಮೊದಲ ಸಿಗರೇಟು ಸೇದಿದ್ದು ಶಾಲೆಯ ಪಾಯಿಖಾನೆಯ ಹಿಂದೆ, ಮಕರೇಟಾಳ ಅಜ್ಜಿಯ ಹೊಗೆಸೊಪ್ಪು ಕದ್ದು. ಆಮೇಲೆ ಕೀವಿ ಹಣ್ಣಿನ ಶೆಡ್ಡಿನಲ್ಲಿ ಒಂದೇ ಮೇಜಿನ ಎರಡು ಬದಿಗೆ ನಿಂತು ಹಣ್ಣು ಪ್ಯಾಕ್ ಮಾಡಿದರು. ಬ್ರೇಕ್ ಬಂದರೆ ಒಂದೇ ಗೋಡೆಗೆ ಒರಗಿ, ಒಬ್ಬಳ ಸಿಗರೇಟಿನ ತುದಿಯಿಂದ ಇನ್ನೊಬ್ಬಳು ಹೊತ್ತಿಸಿಕೊಳ್ಳುತ್ತಿದ್ದಳು. ಮಕರೇಟಾ ಸುತ್ತುವುದು, ರಿಪೇಕಾ ಹೊತ್ತಿಸುವುದು. ಗಂಡಂದಿರು ಬಂದರು, ಹೋದರು. ಈ ವ್ಯವಸ್ಥೆ ಬದಲಾಗಲಿಲ್ಲ.

ಊರಿನ ಮರಾಯೆಯಲ್ಲಿ, ಅಂದರೆ ಕುಲದವರು ಕೂಡುವ ಅಂಗಳ-ಮನೆಯಲ್ಲಿ, ಕರೆ ಕೂಗುವವರೂ ಇವರಿಬ್ಬರೇ. ಗೇಟಿನಲ್ಲಿ ಬಂದವರು ನಿಂತರೆ ಒಳಗಿನ ಹೆಂಗಸು ದನಿಯೆತ್ತಿ ಕರೆಯಬೇಕು. ಕರೆಯದೆ ಯಾರೂ ಕಾಲಿಡುವಂತಿಲ್ಲ, ಮಂತ್ರಿಯಾದರೂ ಸರಿ, ಹೆಣವಾದರೂ ಸರಿ. ಬಂದವರು ಆ ದನಿಯನ್ನು ಹಗ್ಗದ ಹಾಗೆ ಹಿಡಿದುಕೊಂಡು ಅಂಗಳ ದಾಟಿ ಹಿರಿಯರ ಮನೆಯ ಮೆಟ್ಟಿಲ ತನಕ ನಡೆಯುತ್ತಾರೆ. ಒಂದೊಂದು ಸಾಲೂ ಒಂದೊಂದು ಉಸಿರು. ನಡುವೆ ಹರಿಯಬಾರದು. ಹರಿದರೆ ಒಳ್ಳೆಯದಲ್ಲ.

ಕಳೆದ ಚಳಿಗಾಲ ಅದು ಹರಿಯಿತು. ಮುದುಕ ಹೋಹೆಪಾನ ಶವಪೆಟ್ಟಿಗೆ ಗೇಟು ದಾಟಿತ್ತು. ರಿಪೇಕಾ ಕೂಗುತ್ತಿದ್ದಳು. ಪದದ ಅರ್ಧದಲ್ಲಿ ಎದೆಯೊಳಗೆ ಏನೋ ಮುಚ್ಚಿಕೊಂಡು ಕೆಮ್ಮು ಒತ್ತರಿಸಿ ಬಂತು. ಪೆಟ್ಟಿಗೆ ಹೊತ್ತವರು ಹುಲ್ಲಿನ ನಡುವೆ ಹಾಗೇ ನಿಂತುಬಿಟ್ಟರು. ಮಳೆ ಹನಿಯುತ್ತಿತ್ತು. ಆಗ ಹಿಂದಿನ ಕುರ್ಚಿಯಲ್ಲಿ ಕಂಬಳಿ ಹೊದ್ದು ಕೂತಿದ್ದ ಮಕರೇಟಾ ಎದ್ದು ನಿಂತಳು. ಆಗಲೇ ಅವಳಿಗೆ ಅಡುಗೆಮನೆಯಿಂದ ಕೋಣೆಗೆ ನಡೆದರೆ ಏದುಸಿರು. ಆದರೂ ಬೀಳುತ್ತಿದ್ದ ಕರೆಯನ್ನು ಹಿಡಿದು, ಎತ್ತಿ, ಹೋಹೆಪಾನನ್ನು ಮೆಟ್ಟಿಲ ತನಕ ತಂದು ಮುಟ್ಟಿಸಿದಳು. ಮುಟ್ಟಿಸಿ ಕುಸಿದಳು. ತುಟಿ ನೀಲಿಯಾಗಿತ್ತು. ಆಸ್ಪತ್ರೆಯಿಂದ ವಾಪಸು ಬಂದಾಗ ಜೊತೆಗೆ ಆ ಯಂತ್ರವೂ ಬಂತು.

ಯಾರೂ ರಿಪೇಕಾಳಿಗೆ ಏನೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು. ಬೇಸಿಗೆಯನ್ನು ಮಕರೇಟಾ ನೋಡುವುದು ಅನುಮಾನ ಅಂತ ಡಾಕ್ಟರು ಹೇಳಿದ ಮೇಲೆ, ಅವಳ ಪೆಟ್ಟಿಗೆ ಗೇಟಿಗೆ ಬಂದಾಗ ಕರೆಯುವವರು ಯಾರು ಅಂತಲೂ ಊರಲ್ಲಿ ಯಾರೂ ಕೇಳಲಿಲ್ಲ. ಕೇಳುವುದೇನಿತ್ತು? ಉಳಿದವಳು ಒಬ್ಬಳೇ.

ಮೊದಲು ರಿಪೇಕಾ ಪೆಟ್ರೋಲ್ ಬಂಕಿನಲ್ಲಿ ಒಂದು ವೇಪ್, ಅಂದರೆ ಬ್ಯಾಟರಿ ಸಿಗರೇಟು, ಕೊಂಡಳು. ತಂಬಾಕಿನ ರುಚಿಯದು. ಮನೆಗೆ ತಂದು, ಅದರೊಳಗೆ ಜ್ಯೂಸ್ ಅನ್ನುವ ನಿಕೋಟಿನ್ ದ್ರವ ಹುಯ್ದು, ಕರೆ ಕೂಗುವವಳ ಎದೆಯಿಂದ ಒಂದೇ ಸಲಕ್ಕೆ ಜಗ್ಗಿ ಎಳೆದಳು. ಸುಟ್ಟ ಚಿಂದಿಯ ರುಚಿ ಗಂಟಲಿಗೆ ಬಡಿದು ಕಣ್ಣಲ್ಲಿ ನೀರು ಬಂತು. ಅದನ್ನು ಕೋಳಿಗೂಡಿನ ಮೇಲೆ ಎಸೆದು ಸಿಗರೇಟು ಹೊತ್ತಿಸಿದಳು. ಮಾರನೆಯ ವಾರ ಪೇಟೆಯ ವೇಪ್ ಅಂಗಡಿಗೆ ಹೋದಳು. ಅಲ್ಲಿ ಕೂತಿದ್ದವನು ಎರುವೇರಾ. ಮೊದಲು ಕಾಡಿನಲ್ಲಿ ಮರ ಕಡಿಯುತ್ತಿದ್ದ, ಮರಾಯೆಯ ಅಡುಗೆಮನೆ ಹಿಂದೆ ಸಿಕ್ಕಸಿಕ್ಕ ಆಂಟಿಯರ ಹತ್ತಿರ ಸಿಗರೇಟು ಬೇಡುತ್ತಿದ್ದ ಆಸಾಮಿ.

"ಆಂಟಿ! ದಾರಿ ತಪ್ತಾ? ಬ್ರೆಡ್ ಅಂಗಡಿ ಪಕ್ಕದ್ದು."

"ಬಾಯಿ ಮುಚ್ಚಿ ಒಂದು ಕೊಡೋ. ಸುಡದೇ ಇರೋದು."

ಅವನು ಕೋಳಿಗೂಡಿನ ಮೇಲೆ ಹೋದ ವೇಪಿನ ಕತೆ ಕೇಳಿ ಮೇಜಿನ ಮೇಲೆ ತಲೆಯಿಟ್ಟು ನಕ್ಕ. ನಕ್ಕು ಮುಗಿದ ಮೇಲೆ ಬೆರಳುದ್ದದ ಒಂದು ಸಾಧನ ತೆಗೆದು, ಬಿಚ್ಚಿ ತೋರಿಸಿದ.

"ಇದರೊಳಗೆ ಹತ್ತಿ ಇದೆ, ಸುತ್ತ ತಂತಿ. ತಂತಿ ಕಾದ್ರೆ ಹತ್ತೀಲಿರೋ ಜ್ಯೂಸ್ ಹೊಗೆ ಥರ ಆಗತ್ತೆ. ಹತ್ತಿ ಒಣಗಿದ್ರೆ ಹತ್ತೀನೇ ಸುಡತ್ತೆ. ಜ್ಯೂಸ್ ಹಾಕಿದ ತಕ್ಷಣ ಎಳೀಬಾರ್ದು ಆಂಟಿ. ಹಾಕಿ, ಟೀ ಮಾಡಿ, ಕುಡೀರಿ, ಆಮೇಲೆ. ಎಳೆಯೋದೂ ಅಷ್ಟೇ, ಬಿಸಿ ಟೀ ಹೀರಿದ ಹಾಗೆ, ಮೆಲ್ಲಗೆ. ಸತ್ತವರನ್ನ ಕರೆಯೋ ಹಾಗಲ್ಲ."

ರಿಪೇಕಾ ಮುಖ ತಿರುಗಿಸಿದಳು. ಎರುವೇರಾ ತನ್ನ ಮಾತು ಎಲ್ಲಿ ತಗುಲಿತು ಅಂತ ನೋಡಿ, ದನಿ ತಗ್ಗಿಸಿದ.

"ತಂಬಾಕಿನ ರುಚಿ ಬೇಡ. ನನಗೆ ಅದು ಹಳೇ ಹೆಂಡ್ತಿ ಮನೆ ಮುಂದೆ ದಿನಾ ಓಡಾಡಿದ ಹಾಗಿತ್ತು. ಹಣ್ಣಿಂದು ತಗೊಳ್ಳಿ. ನಿಕೋಟಿನ್ ಮೊದಲು ಸ್ವಲ್ಪ ಜಾಸ್ತಿನೇ ಇರ್ಲಿ. ಕಮ್ಮಿ ತಗೊಂಡು ಶೂರರ ಥರ ಆಡಿದ್ರೆ ಸಂಜೆಗೆ ಸಿಗರೇಟು ಕೈಗೆ ಬರತ್ತೆ. ಆಮೇಲಾಮೇಲೆ ಇಳಿಸೋಣ. ಇದೇನು ಔಷಧಿ ಅಂತ ಹೇಳ್ತಿಲ್ಲ, ಮತ್ತೆ. ಸೇದದೇ ಇದ್ದೋರು ಇದನ್ನ ಮುಟ್ಟಲೇಬಾರ್ದು. ಸಿಗರೇಟಿಗಿಂತ ವಾಸಿ, ಅಷ್ಟೇ. ಕೊನೆಗೆ ಇದನ್ನೂ ಬಿಡಬೇಕು."

"ಇದೂ ಒಂದು, ಅದೂ ಒಂದು ಸೇದಿದ್ರೆ?"

"ಎದೆಗೆ ಏನೂ ಲಾಭ ಸಿಗಲ್ಲ. ಸಿಗರೇಟು ಪೂರ್ತಿ ಹೋಗಬೇಕು ಆಂಟಿ. ಹಬ್ಬಕ್ಕೊಂದು, ಗೆಳತಿಗೊಂದು ಅಂತ ಇಟ್ಕೊಂಡೋರು ಎಲ್ಲಾ ಸಿಗರೇಟಿಗೇ ವಾಪಸ್ ಬಂದಿದಾರೆ. ನಾನೂ ಎರಡು ಸಲ ಬಂದೆ."

ಅವತ್ತಿನಿಂದ ರಿಪೇಕಾ ಸೇದಿರಲಿಲ್ಲ. ಮೊದಮೊದಲು ಕೈಗೆ ಏನು ಮಾಡಬೇಕೋ ತಿಳಿಯದೆ ಇಡೀ ಬೇಲಿಗೆ ಬಣ್ಣ ಹೊಡೆದಳು. ಬೆಳಗಿನ ಕೆಮ್ಮು ಮೊದಲು ಜಾಸ್ತಿಯಾಯಿತು, ಆಮೇಲೆ ಇಳಿಯಿತು. ಮಕರೇಟಾಳಿಗೆ ಮಾತ್ರ ಹೇಳಲಾಗಲಿಲ್ಲ. ಹೇಳಿದರೆ ಯಾಕೆ ಅನ್ನುತ್ತಾಳೆ. ಯಾಕೆ ಅಂದರೆ ಏನು ಹೇಳುವುದು? ಬದುಕಿರುವವಳ ಮುಖ ನೋಡಿ ನಿನ್ನ ಹೆಣಕ್ಕೆ ಅಂತ ಹೇಳುವುದೇ?

"ಯಾಕೆ ಬಿಟ್ಟೆ?" ಮಕರೇಟಾ ಕೇಳಿಯೇಬಿಟ್ಟಳು.

"ಬೆಲೆ ನೋಡಿದೀಯಾ ಈಗ?"

"ಯಾವತ್ತು ನೀನು ಬೆಲೆ ನೋಡಿದ್ದೆ? ಕರೆಂಟ್ ಬಿಲ್ ಬಿಟ್ಟು ತಂಬಾಕು ತಂದೋಳು ನೀನು."

"ಮೊಮ್ಮಗು ಬರತ್ತಲ್ಲ ಮನೇಗೆ."

"ನಿನ್ನ ಮಕ್ಕಳು ಹೊಗೇಲೇ ಬೆಳೆದ್ವು. ಸುಳ್ಳು ಹೇಳೋದಾದ್ರೆ ಚೆನ್ನಾಗಿರೋದು ಹೇಳು." ಮಕರೇಟಾ ಸೋಫಾದ ಸಂದಿಗೆ ಕೈಹಾಕಿ ಬಿಸ್ಕತ್ತಿನ ತಗಡಿನ ಡಬ್ಬಿಯೊಂದನ್ನು ಎಳೆದು ತೊಡೆಯ ಮೇಲಿಟ್ಟಳು. ಒಳಗೆ ಒತ್ತೊತ್ತಾಗಿ ಜೋಡಿಸಿದ ಸಿಗರೇಟುಗಳು. ಕೈಯಲ್ಲಿ ಸುತ್ತಿದವು, ಆದರೂ ಯಂತ್ರದಿಂದ ಬಂದ ಹಾಗೆ ಒಂದೇ ಸಮ. "ನಾನಂತೂ ಸೇದೋ ಹಾಗಿಲ್ಲ. ಕೈ ಸುಮ್ನಿರಲ್ಲ. ನೀನು ಬಂದಾಗ ಬೇಕಾಗತ್ತೆ ಅಂತ ಸುತ್ತಿದೀನಿ. ದಿನಾ ಸುತ್ತಿದೀನಿ."

ರಿಪೇಕಾ ಡಬ್ಬಿಯನ್ನು ನೋಡಿದಳು. ಮುಟ್ಟಲಿಲ್ಲ.

"ಒಂದೇ ಒಂದು," ಮಕರೇಟಾಳ ದನಿ ಬದಲಾಯಿತು. "ನಂಗೆ ಬೇಡ. ನೀನು ಸೇದು. ನಾನು ಪಕ್ಕದಲ್ಲಿ ಕೂತು ವಾಸನೆ ತಗೋತೀನಿ. ಈ ಮನೇಲಿ ಈಗ ಬರೀ ಸೋಪು, ಪ್ಲಾಸ್ಟಿಕ್ಕು. ರಾತ್ರಿ ಮೂಗಿಗೆ ಇದನ್ನ ಹಾಕ್ಕೊಂಡು ಮಲಗಿದ್ರೆ ನಾನು ಯಾರು ಅಂತಾನೇ ಗೊತ್ತಾಗಲ್ಲ ಕಣೇ."

"ಆ ಯಂತ್ರದ ಹತ್ರ ಬೆಂಕಿ ಹಚ್ಚಿದ್ರೆ ಇಬ್ರೂ ಒಟ್ಟಿಗೇ ಹೋಗ್ತೀವಿ."

"ಗೊತ್ತು. ನರ್ಸು ಬೋರ್ಡು ಬರ್ದು ಬಾಗಿಲಿಗೆ ಅಂಟಿಸಿದಾಳೆ. ಆರಿಸು. ಆಚೆ ಹೋಗೋಣ."

ಯಂತ್ರ ಆರಿಸಿದಾಗ ಮನೆ ಒಮ್ಮೆಲೇ ನಿಶ್ಶಬ್ದವಾಯಿತು. ಮಕರೇಟಾ ಕೊಳವೆ ಕಳಚಿಟ್ಟು ರಿಪೇಕಾಳ ತೋಳು ಹಿಡಿದಳು. ಬಟ್ಟೆ ಒಣಹಾಕುವ ತಂತಿಯ ತನಕ ಹೋಗುವಷ್ಟರಲ್ಲಿ ಮೂರು ಕಡೆ ನಿಂತು ಸುಧಾರಿಸಿಕೊಂಡಳು. ತಲೆಕೆಳಗಾದ ಹಾಲಿನ ಕ್ರೇಟಿನ ಮೇಲೆ ಕೂತಳು. ತೋಳು ಎಷ್ಟು ಹಗುರವಾಗಿದೆ ಅಂತ ರಿಪೇಕಾಳಿಗೆ ಅನ್ನಿಸಿತು. ತೋಯ್ದ ಟವೆಲು ಕೂಡ ಇದಕ್ಕಿಂತ ಭಾರ.

ಮಕರೇಟಾ ಒಂದು ಸಿಗರೇಟು ತೆಗೆದು, ಅಂಚನ್ನು ನಾಲಿಗೆಗೆ ಮುಟ್ಟಿಸಿ ಇನ್ನೊಮ್ಮೆ ಬಿಗಿಮಾಡಿ, ಚಾಚಿದಳು. ಲೈಟರು ಕೊಟ್ಟಳು. ಮುಖ ಮೇಲೆತ್ತಿ ಕಣ್ಣು ಮುಚ್ಚಿಕೊಂಡಳು, ಮುತ್ತಿಗೆ ಕಾಯುವ ಹುಡುಗಿಯ ಹಾಗೆ.

ರಿಪೇಕಾ ಅದನ್ನು ತುಟಿಗಿಟ್ಟಳು. ಹೊತ್ತಿಸದ ತಂಬಾಕಿನ ಸಿಹಿ ನಾಲಿಗೆಯ ತುದಿಗೆ ಬಂತು. ಮೈಯೆಲ್ಲ ಹೂಂ ಅಂದಿತು. ಲೈಟರಿನ ಚಕ್ರದ ಮೇಲೆ ಹೆಬ್ಬೆರಳು ತಾನಾಗಿ ಕೂತಿತು. ಒಂದೇ. ಅವಳಿಗೋಸ್ಕರ. ಗೆಳತಿಗೊಂದು. ಅಷ್ಟರಲ್ಲಿ ಹುಲ್ಲಿನ ಮೇಲೆ ನಿಂತ ಪೆಟ್ಟಿಗೆ ಕಣ್ಣಿಗೆ ಬಂತು, ಆದರೆ ಒಳಗಿದ್ದದ್ದು ಹೋಹೆಪಾ ಅಲ್ಲ.

ಸಿಗರೇಟು ಬಾಯಿಂದ ತೆಗೆದಳು.

"ಆಗಲ್ಲ ಕಣೇ."

ಮಕರೇಟಾ ಕಣ್ಣು ತೆರೆದಳು. "ಸಾಯೋಳು ಕೇಳ್ತಿದೀನಿ."

"ಅದಕ್ಕೇ ಆಗಲ್ಲ."

ತಂತಿಯ ಮೇಲಿನ ದಿಂಬಿನ ಚೀಲಗಳು ಗಾಳಿಗೆ ಉಬ್ಬಿ ಇಳಿದವು. ದೂರದಲ್ಲಿ ಯಾರೋ ಹುಲ್ಲು ಕೊಯ್ಯುವ ಯಂತ್ರ ಶುರು ಮಾಡಿ ನಿಲ್ಲಿಸಿದರು. ಮಕರೇಟಾ ರಿಪೇಕಾಳ ಮುಖವನ್ನೇ ನೋಡುತ್ತ ಕೂತಳು. ನೋಡುತ್ತ ನೋಡುತ್ತ ಅವಳ ಹುಬ್ಬಿನ ಗಂಟು ಮೆಲ್ಲಗೆ ಬಿಚ್ಚಿಕೊಂಡಿತು.

"ಓ," ಎಂದಳು. "ನನ್ನನ್ನ ಕರೆಯೋಕಾ?"

ರಿಪೇಕಾ ಸಿಗರೇಟನ್ನು ಡಬ್ಬಿಯಲ್ಲಿ ಅದರ ಜಾಗಕ್ಕೇ ಇಟ್ಟಳು. ಮುಚ್ಚಳ ಒತ್ತಿ ಮುಚ್ಚಿದಳು.

"ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿಂಗೆ? ನಾನು ನಿನ್ನ ಮೇಲೆ ಸಿಟ್ಟು ಮಾಡ್ಕೊಂಡೇ ಸಾಯ್ತಿದ್ನಲ್ಲೇ, ಕತ್ತೆ." ಮಕರೇಟಾ ಉಸಿರಿಗೋಸ್ಕರ ನಿಲ್ಲಿಸಿದಳು. "ಎಷ್ಟು ದೂರ ಬರತ್ತೆ ದನಿ ಈಗ?"

"ಅರ್ಧ ದಾರಿ. ಗಾಳಿ ಎದುರಿದ್ರೆ ಅದೂ ಇಲ್ಲ."

"ಅರ್ಧ ದಾರೀಲಿ ನನ್ನ ನಿಲ್ಲಿಸ್ತೀಯ? ಮಳೇಲಿ?"

"ಎತ್ಕೊಳ್ಳೋಕೆ ನನ್ನ ಹಿಂದೆ ಯಾರೂ ಇರಲ್ವಲ್ಲೇ!" ರಿಪೇಕಾಳ ದನಿ ಒಡೆಯಿತು. ಹೇಳಬಾರದೆಂದು ಇಷ್ಟು ದಿನ ನುಂಗಿದ್ದು ಹೊರಗೆ ಬಿತ್ತು. ಅವಳು ಹುಲ್ಲಿನ ಮೇಲೆ ಕೂತು, ಮಕರೇಟಾಳ ಮೊಣಕಾಲಿಗೆ ಹಣೆಯೊತ್ತಿ ಅತ್ತಳು. ಮಕರೇಟಾ ಅವಳ ಕೂದಲೊಳಗೆ ಬೆರಳಾಡಿಸಿದಳು. ಅಳು ಕೆಮ್ಮಾಗಲಿಲ್ಲ. ಅದನ್ನು ಇಬ್ಬರೂ ಗಮನಿಸಿದರು.

"ನಾಳೆ ಶಾಲೆ ಮಕ್ಕಳು ಬರ್ತಾರಲ್ಲ ಮರಾಯೆಗೆ?" ಮಕರೇಟಾ ಕೇಳಿದಳು.

"ಹತ್ತಕ್ಕೆ."

"ನೀನೇ ತಾನೆ ಕರೆಯೋದು?"

"ಮತ್ಯಾರು?"

"ಹಾಗಾದ್ರೆ ನಾನು ಗೇಟಲ್ಲಿ ಆ ಮಕ್ಕಳ ಜೊತೆ ನಿಂತ್ಕೋತೀನಿ. ಹೊರಗಿನವಳ ಹಾಗೆ. ನೀನು ಕರಿ, ನಾನು ಬರ್ತೀನಿ."

"ಹುಚ್ಚು ಹಿಡೀತಾ? ಅಷ್ಟು ದೂರ ನಡೀತೀಯ ನೀನು?"

"ಗಾಲಿ ಕುರ್ಚಿ ಇದೆಯಲ್ಲ, ಯಾವನೋ ಒಬ್ಬ ಗಟ್ಟಿ ಹುಡುಗ ತಳ್ತಾನೆ. ನೀನು ಎಲ್ಲಿ ನಿಲ್ಲಿಸ್ತೀಯೋ ಅಲ್ಲೇ ನಿಂತ್ಕೋತೀನಿ. ಉಸಿರು ತಗೊಂಡು ಮತ್ತೆ ಕರಿ. ನಂಗೇನು ಅವಸರ?" ರಿಪೇಕಾಳ ಕಿವಿಯ ಹಿಂದೆ ಕೂದಲು ಸರಿಸಿ, "ಆಮೇಲಿನ ಕರೆ ನಂಗೆ ಕೇಳ್ಸತ್ತೋ ಇಲ್ವೋ. ಇದನ್ನ ಕೇಳ್ಕೋತೀನಿ," ಎಂದಳು.

ಒಳಗೆ ಹೋಗಿ ಯಂತ್ರ ಹಾಕಿದರು. ಮಕರೇಟಾ ಕೊಳವೆ ಸಿಕ್ಕಿಸಿಕೊಂಡು, ತುಟಿಗೆ ಬಣ್ಣ ಬರುವ ತನಕ ಮಂಚದ ಅಂಚಿನಲ್ಲಿ ಕೂತಳು. ಆಮೇಲೆ ಬೀರುವಿನಿಂದ ತನ್ನ ಕಪ್ಪು ಸ್ಕರ್ಟು ತೆಗೆಸಿದಳು. ಹಾಕಿಕೊಂಡು ಎದ್ದು ನಿಂತರೆ ಅದು ಸೊಂಟದಲ್ಲಿ ನಿಲ್ಲದೆ ಜಾರಿತು.

"ಸೊಂಟಕ್ಕೆ ಹಿಡಿಯೋ ಹಾಗೆ ಮಾಡು. ಮಕ್ಕಳ ಮುಂದೆ ಮಾನ ಹೋದೀತು."

ರಿಪೇಕಾ ಮೊಣಕಾಲೂರಿ, ಗುಂಡುಸೂಜಿಗಳನ್ನು ತುಟಿಗಳ ನಡುವೆ ಕಚ್ಚಿಕೊಂಡು, ಬಟ್ಟೆ ಮಡಿಸತೊಡಗಿದಳು. ಒಂದು ಮಡಿಕೆ ಸಾಲಲಿಲ್ಲ. ಇನ್ನೊಂದು ಹಾಕಿದಳು. ಅದೂ ಸಾಲಲಿಲ್ಲ.

"ನಾಳೆ ಹತ್ತಕ್ಕೆ, ಗೇಟಿನ ಹತ್ರ," ಮೇಲಿನಿಂದ ಮಕರೇಟಾ ಹೇಳಿದಳು. "ತಡ ಮಾಡ್ಬೇಡ."

ಬಾಯಲ್ಲಿ ಸೂಜಿಗಳಿದ್ದವು. ರಿಪೇಕಾ ತಲೆಯಾಡಿಸಿದಳು, ಮೂಗಿನಿಂದ ನಿಧಾನವಾಗಿ ಉಸಿರೆಳೆದುಕೊಂಡು ಮೂರನೆಯ ಮಡಿಕೆ ಹಿಡಿದಳು.